ಫಿನ್‌ಲ್ಯಾಂಡಿನಲ್ಲಿ ಅಷ್ಟೊಂದು ಸರೋವರಗಳು ಏಕಿವೆ? ಅಲ್ಲಿನ ನೆಲ ಎಂಥದ್ದು?

ಕಾರಣ ಹಿಮಯುಗ. ಕಿಲೋಮೀಟರುಗಟ್ಟಲೆ ದಪ್ಪದ ಹಿಮರಾಶಿ ಪುರಾತನ ಬಂಡೆಯನ್ನು ಉಜ್ಜಿ ತಗ್ಗುಗಳನ್ನು ತೋಡಿತು. ಅದು ಕರಗಿದಾಗ ತಗ್ಗುಗಳಲ್ಲಿ ನೀರು ನಿಂತಿತು. 500 ಚದರ ಮೀಟರಿಗಿಂತ ದೊಡ್ಡವನ್ನಷ್ಟೇ ಎಣಿಸಿದರೂ ಸರೋವರಗಳು ಸುಮಾರು 1,88,000. ಅತಿ ದೊಡ್ಡದು ಆಗ್ನೇಯದ ಸೈಮಾ. ಹೆಚ್ಚಿನವಕ್ಕೆ ಆಳ ಕಡಿಮೆ.

ನನಗೆ ಇದಕ್ಕಿಂತ ಅಚ್ಚರಿ ಎನಿಸುವುದು ಪಶ್ಚಿಮ ಕರಾವಳಿ. ಹಿಮದ ಭಾರ ಇಳಿದ ನೆಲ ಅಲ್ಲಿ ಇನ್ನೂ ಮೇಲೇಳುತ್ತಿದೆ, ವಾಸಾ ಸುತ್ತಮುತ್ತ ವರ್ಷಕ್ಕೆ ಸುಮಾರು 8 ಮಿಲಿಮೀಟರ್. ಕಡಲು ಹಿಂದೆ ಸರಿದು ಹಳೆಯ ಬಂದರು ಕೆಲಸಕ್ಕೆ ಬಾರದಾಯಿತು. ಅದಕ್ಕೇ 1852ರ ಬೆಂಕಿಯ ನಂತರ ವಾಸಾ ಪಟ್ಟಣವನ್ನು ಕೆಲವು ಕಿಲೋಮೀಟರ್ ಆಚೆ, ನೀರಿನ ಹತ್ತಿರ ಹೊಸದಾಗಿ ಕಟ್ಟಿದರು.

ಉಳಿದಂತೆ, ನೆಲದ ಸುಮಾರು ಮುಕ್ಕಾಲು ಪಾಲು ಪೈನ್, ಸ್ಪ್ರೂಸ್, ಬರ್ಚ್ ಕಾಡು. ದೇಶದ ಅತಿ ಎತ್ತರದ ಜಾಗ ನಾರ್ವೆ ಗಡಿಯ ಹಾಲ್ತಿ ಬೆಟ್ಟದಲ್ಲಿದೆ, 1,324 ಮೀಟರ್. ಮಿಕ್ಕ ದೇಶ ಬಹುಮಟ್ಟಿಗೆ ತಗ್ಗು. ಸುಮಾರು 56 ಲಕ್ಷ ಜನರಲ್ಲಿ ಹೆಚ್ಚಿನವರು ದಕ್ಷಿಣದಲ್ಲಿದ್ದಾರೆ.