ಮಿನಿವ್ಯಾನ್‌ನಲ್ಲಿ ಅರ್ಧ ಸಿಲಿಂಡರ್ ಬಂದ್ ಆಗೋದನ್ನು ನಿಲ್ಲಿಸಬಹುದಾ?

ಅಮೆರಿಕದಲ್ಲಿರೋ ನಿಮ್ಮ ಕಾಕಾ ಕೇಳಿದ್ದು ಇದೇ ಅಲ್ವಾ, 3.5 ಲೀಟರ್ ವಿ6 (ಆರು ಸಿಲಿಂಡರ್) ಎಂಜಿನ್ ಇರೋ ಹೋಂಡಾ ಒಡಿಸ್ಸಿ ಮಿನಿವ್ಯಾನ್‌ನಲ್ಲಿ ವಿಸಿಎಂ, ಅಂದ್ರೆ ಪೆಟ್ರೋಲ್ ಉಳಿಸೋಕೆ ಕೆಲವು ಸಿಲಿಂಡರ್ ಬಂದ್ ಮಾಡೋ ವ್ಯವಸ್ಥೆ, ಆಫ್ ಮಾಡಬಹುದಾ ಅಂತ? ಮಾಡಬಹುದು. ಆದರೆ ಅದಕ್ಕೆ ಸ್ವಿಚ್ ಇಲ್ಲ.

ಹೈವೇಯಲ್ಲಿ ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ ಆಯಿಲ್ ಪ್ರೆಷರ್‌ನಿಂದ ಪಿನ್ ಸರಿದು ಹಿಂದಿನ ಸಾಲಿನ 3 ಸಿಲಿಂಡರ್‌ಗಳ ವಾಲ್ವ್ ಮುಚ್ಚಿಕೊಂಡೇ ಇರುತ್ತವೆ, ಅವಕ್ಕೆ ಪೆಟ್ರೋಲೂ ಹೋಗಲ್ಲ. ಎಂಜಿನ್ ಚೆನ್ನಾಗಿ ಕಾಯದೆ ಇದು ಶುರುವಾಗಲ್ಲ. ಜನ ಹಿಡಿಯೋದು ಇದೇ ಜುಟ್ಟು: ಎಂಜಿನ್ ಬಿಸಿ ಅಳೆಯೋ ಕೂಲೆಂಟ್ ಸೆನ್ಸರ್ ವೈರಿಗೆ ಒಂದು ಪುಟ್ಟ ರೆಸಿಸ್ಟರ್ ಸೇರಿಸ್ತಾರೆ, ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗಿಲ್ಲ ಅಂತ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ನಂಬಿಬಿಡುತ್ತೆ.

ನನಗೆ ಹೆದರಿಕೆ ಇರೋದು ಇಲ್ಲೇ. ಸೆನ್ಸರ್ ಸುಳ್ಳು ಹೇಳಿದರೆ ಮೀಟರ್ ಮುಳ್ಳೂ ಸುಳ್ಳು, ಸ್ಕ್ಯಾನರ್ ಹಾಕಿದರೂ ಅದೇ ಸುಳ್ಳು, ಫ್ಯಾನ್ ತಡವಾಗಿ ತಿರುಗಬಹುದು. ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಗಾಡಿ ನೆನಪಿಸಿಕೊಳ್ಳಿ. ಕಾಕಾ ಅರಿಜೋನಾ ಥರದ ಊರಲ್ಲಿದ್ದರೆ ಅಲ್ಲೂ ಅದೇ ಕಥೆ.

ಸುಮ್ನೆ ನಡುಗುತ್ತೆ ಅಂತ ಹಾಕಿಸೋದಾದರೆ ಮೊದಲು ಎಂಜಿನ್ ಮೌಂಟ್, ಪ್ಲಗ್ ನೋಡಿಸಲಿ. ಆಯಿಲ್ ಜಾಸ್ತಿ ತಿಂತಿದ್ರೆ ಮಾತ್ರ ಈ ದಾರಿ ಯೋಚಿಸಬಹುದು. ವಾರಂಟಿ ಇದ್ದರೆ ಕೈ ಹಚ್ಚೋದೇ ಬೇಡ.