ತೇಗದ ಪ್ಯಾನೆಲ್ ಮೇಲಿನ ಕಪ್ಪು ಕಲೆ, ಏಳುತ್ತಿರುವ ವಾರ್ನಿಷ್

ಕಾರವಾರದಲ್ಲಿರುವ ಹಾಯಿದೋಣಿಯ ಒಳಗಿನ ಪ್ಯಾನೆಲ್‌ಗಳನ್ನು ಬಿಚ್ಚಿ ಬೆಂಗಳೂರಿನ ಮನೆಗೆ ತಂದಿದ್ದೀರಿ, ಕಿಟಕಿಯ ಕೆಳಭಾಗ ಕಪ್ಪಾಗಿದೆ, ವಾರ್ನಿಷ್ ಏಳುತ್ತಿದೆ ಅಂದಿರಿ. ಬಹುತೇಕ ಕಿಟಕಿಯ ಸಂದಿನಿಂದ ನೀರು ಇಳಿದಿದೆ. ಕಪ್ಪು ಕಲೆ ಸ್ಕ್ರೂಗಳ ಸುತ್ತ ಇದ್ದರೆ ಅದು ಕಬ್ಬಿಣದ ಕಲೆ. ಚುಕ್ಕೆಚುಕ್ಕೆಯಾಗಿದ್ದರೆ ಬೂಷ್ಟು ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಬೆರಳಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಪ್ಲೈವುಡ್ ಪದರ ಬಿಟ್ಟಿದೆ, ಆ ತುಂಡು ಬದಲಿಸಿ. ಗಟ್ಟಿಯಿದ್ದರೆ ಸಿಹಿನೀರಿನ ಬಟ್ಟೆಯಿಂದ ಉಪ್ಪು ಒರೆಸಿ ನೆರಳಲ್ಲಿ ಒಣಗಿಸಿ. ದಯವಿಟ್ಟು ಸ್ಯಾಂಡಿಂಗ್ ಮಷಿನ್ ಹಚ್ಚಬೇಡಿ. ಪ್ಲೈವುಡ್ ಮೇಲೆ ಅಂಟಿಸಿದ ತೇಗದ ತೆಳು ಹಾಳೆ (ವೆನೀರ್) ಎಷ್ಟೋ ಸಲ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ವಾರ್ನಿಷ್ ರಿಮೂವರ್ ಹಚ್ಚಿ ಕೆರೆದು, 180 ಗ್ರಿಟ್‌ನ ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ಕೈಯಲ್ಲೇ, ಮರದ ಎಳೆಯ ಉದ್ದಕ್ಕೆ ಉಜ್ಜಿ.

ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಸಿಡ್: ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಇಡೀ ಪ್ಯಾನೆಲ್‌ಗೆ ಹಚ್ಚಿ, ಇಲ್ಲದಿದ್ದರೆ ಬಿಳಿ ತೇಪೆ ಬೀಳುತ್ತದೆ. ಇದು ವಿಷ, ಗ್ಲೌಸು, ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ತಿರ ಇರಬಾರದು. ಆಮೇಲೆ ಅಡುಗೆ ಸೋಡಾ ನೀರು, ನಂತರ ಸಾದಾ ನೀರಿನಿಂದ ಒರೆಸಿ. ಒಣಗಿದ ಮೇಲೆ ಉಜ್ಜುವಾಗ ಮಾಸ್ಕ್ ಹಾಕಿ.

ಇಲ್ಲಿನ ಬಡಗಿಗಳು ಫ್ರೆಂಚ್ ಪಾಲಿಶ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಅದು ಅರಗು, ನೀರು ಬಿದ್ದರೆ ಬೆಳ್ಳಗಾಗುತ್ತದೆ. ದೋಣಿಗಳಿಗೆಂದೇ ಇರುವ ಮರೀನ್ ವಾರ್ನಿಷ್ ತನ್ನಿ. ತೇಗದಲ್ಲಿ ಎಣ್ಣೆಯಿದೆ, ಹಾಗಾಗಿ ಹಚ್ಚುವ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿ. ಮೊದಲ ಕೋಟ್ ಅದರದೇ ಥಿನ್ನರ್ ಬೆರೆಸಿ ತೆಳ್ಳಗೆ, ಮೇಲೆ ಮೂರ್ನಾಲ್ಕು ಕೋಟ್, ನಡುನಡುವೆ 320 ಗ್ರಿಟ್‌ನ ಕಾಗದದಿಂದ ಉಜ್ಜಿ. ಪ್ಯಾನೆಲ್‌ನ ಅಂಚು, ಸ್ಕ್ರೂ ತೂತಿನ ಒಳಗೂ ಹಚ್ಚಿ. ನೀರು ಒಳಹೋಗುವುದು ಅಲ್ಲಿಂದಲೇ. ಮಳೆಗಾಲದ ಸಂಜೆ ಬೇಡ, ಒಣಹವೆಯ ಬೆಳಗ್ಗೆ ಮಾಡಿ.

ಕಿಟಕಿಗೆ ಹೊಸ ಸೀಲಂಟ್ ಹಾಕಿ, ಪೈಪ್‌ನಲ್ಲಿ ನೀರು ಬಿಟ್ಟು ಸೋರುವುದಿಲ್ಲ ಎಂದು ನೋಡಿಕೊಂಡ ಮೇಲೆಯೇ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಿಂದ ಮತ್ತೆ ಕೂರಿಸಿ.