ಗಾಡಿ ಮಾತು: 100 ಸಿಸಿ ಸಾಕಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕ ಗಾಡಿಗಳ ಬಗ್ಗೆಯೇ. ಒಂದೇ ತರಹದವನ್ನು ಸೇರಿಸಿ, ಐದಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನನಗೆ 19 ವರ್ಷ. ಈಗಷ್ಟೇ ಕೆಲಸ ಸಿಕ್ಕಿದೆ. ಹೋಗಿ ಬರಲು ದಿನಕ್ಕೆ 24 ಕಿ.ಮೀ. ಅಪ್ಪ ಸ್ಪ್ಲೆಂಡರ್ ತಗೋ ಅಂತಾರೆ. ಫ್ರೆಂಡ್ಸು ‘ಅದು ಹಾಲಿನವರ ಗಾಡಿ ಕಣೋ, 150 ಸಿಸಿ ತಗೋ’ ಅಂತ ನಗ್ತಾರೆ. ನನಗಿನ್ನೂ ಓಡಿಸೋಕೆ ಸರಿಯಾಗಿ ಬರಲ್ಲ. ಏನು ಮಾಡಲಿ?
(ತುಮಕೂರು)

ಉತ್ತರ: ಹಾಲಿನವರು ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ದಿನಾ ಬೆಳಗಾಗುವ ಮುಂಚೆ ಹಳ್ಳದಿಣ್ಣೆಯಲ್ಲಿ ಓಡಿಸುತ್ತಾರೆ ಅಂದರೆ ಆ ಗಾಡಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ ತಮ್ಮಾ? 1994ರಲ್ಲಿ ಬಂದದ್ದು, ಇವತ್ತಿಗೂ ಮಾರಾಟ ಆಗುತ್ತಿದೆ. ಎಂಜಿನ್ 97.2 ಸಿಸಿ, ಶಕ್ತಿ ಸುಮಾರು ಎಂಟು ಹಾರ್ಸ್‌ಪವರ್.

ಆದರೆ ‘ಮೈಲೇಜಿಗೋಸ್ಕರ ಚಿಕ್ಕ ಗಾಡಿ’ ಅನ್ನೋ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 25 ದಿನ ಅಂದರೆ 600 ಕಿ.ಮೀ. ನೂರು ಸಿಸಿ ಗಾಡಿ ಲೀಟರಿಗೆ 60 ಕೊಟ್ಟರೆ ಹತ್ತು ಲೀಟರ್ ಪೆಟ್ರೋಲ್. ನೂರೈವತ್ತರದ್ದು 45 ಕೊಟ್ಟರೂ ಹದಿಮೂರು ಲೀಟರ್ ಚಿಲ್ಲರೆ. ವ್ಯತ್ಯಾಸ ಮೂರು ಲೀಟರ್ ಅಷ್ಟೇ. ಇನ್ಶೂರೆನ್ಸಿನಲ್ಲೂ ದೊಡ್ಡ ಉಳಿತಾಯ ಇಲ್ಲ. ಥರ್ಡ್ ಪಾರ್ಟಿಗೆ 75ರಿಂದ 150 ಸಿಸಿ ತನಕ ಒಂದೇ ದರ.

ಮತ್ತೆ ಉಳಿಯೋದು ಎಲ್ಲಿ? ಮೊದಲನೆಯದು ಗಾಡಿಯ ಬೆಲೆಯಲ್ಲಿ. ಎರಡನೆಯದು, ಕಲಿಯುವವರು ಗಾಡಿ ಬೀಳಿಸುತ್ತಾರೆ. ಓಡುವಾಗ ಅಲ್ಲ, ನಿಂತಲ್ಲೇ. ಸೈಡ್ ಸ್ಟ್ಯಾಂಡ್ ಮಣ್ಣಿನಲ್ಲಿ ಹೂತುಹೋಗಿ, ಪೆಟ್ರೋಲ್ ಬಂಕಿನಲ್ಲಿ ಹಿಂದಕ್ಕೆ ತಳ್ಳುವಾಗ, ಯೂ ಟರ್ನ್ ತಿರುಗುತ್ತಾ ಒಂದು ಕಾಲು ಗುಂಡಿಗೆ ಇಟ್ಟಾಗ. 112 ಕಿಲೋ ಗಾಡಿ ಒಂದು ಕಡೆ ವಾಲಿದರೆ ಹಿಡಿದು ನಿಲ್ಲಿಸಬಹುದು. 140 ಕಿಲೋ ದಾಟಿದ್ದು ಒಮ್ಮೆ ವಾಲಿತು ಅಂದರೆ ಹೋಯಿತು. ಬಿದ್ದರೂ ಸ್ಪ್ಲೆಂಡರಿನ ಇಂಡಿಕೇಟರ್, ಕ್ಲಚ್ ಲಿವರ್, ಕನ್ನಡಿ ಯಾವ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಕಡಿಮೆ ದುಡ್ಡಿಗೆ ಸಿಗುತ್ತವೆ.

ಕೊರತೆಯನ್ನೂ ಹೇಳಿಬಿಡುತ್ತೇನೆ. ಗಂಟೆಗೆ 60 ಕಿ.ಮೀ. ವೇಗದ ತನಕ ಆರಾಮ. 70 ದಾಟಿದರೆ ಫುಟ್‌ರೆಸ್ಟ್ ನಡುಗುತ್ತದೆ, ಎಂಜಿನ್ ಅರಚುತ್ತದೆ. ಹೈವೇಯಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡಲು ಹೊರಟರೆ ಅರ್ಧ ದಾರಿಯಲ್ಲಿ ಶಕ್ತಿ ಸಾಲದು, ಹಾಗಾಗಿ ಎದುರಿನ ರಸ್ತೆ ಪೂರ್ತಿ ಖಾಲಿ ಕಾಣದ ಹೊರತು ಹಿಂದೆಯೇ ಇರಬೇಕು. ಇದು ಬೇಜಾರಿನ ಕೆಲಸ, ನಿಜ. ಮೊದಲ ಎರಡು ವರ್ಷ ಆ ಬೇಜಾರೇ ಒಳ್ಳೆಯದು. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ, ಹಳೆಯ ರೇಟು ಹೇಳಿದರೆ ಒಪ್ಪಬೇಡಿ. ಅಪ್ಪ ಹೇಳಿದ್ದನ್ನೇ ತಗೊಳ್ಳಿ.

ಪ್ರಶ್ನೆ: ನಾನು ಟೀಚರ್. ಎಂಟು ವರ್ಷದಿಂದ ಸ್ಕೂಟರ್ ಓಡಿಸ್ತಿದ್ದೀನಿ. ಈಗ ಮನೆಯವರ ಹಳೇ ಗೇರ್ ಗಾಡಿ ಸುಮ್ನೆ ನಿಂತಿದೆ, ಅದನ್ನು ಕಲಿಯೋಣ ಅಂತ. ಕ್ಲಚ್ ಬಿಟ್ಟ ಕೂಡಲೇ ಆಫ್ ಆಗಿಬಿಡುತ್ತೆ. ಮನೆಯವರು ಬೈತಾರೆ.
(ಹುಬ್ಬಳ್ಳಿ)

ಉತ್ತರ: ಮೊದಲು ಮನೆಯವರನ್ನು ಮನೆಯಲ್ಲೇ ಬಿಟ್ಟು ಹೋಗಿ, ಜೊತೆಗೆ ತಾಳ್ಮೆ ಇರುವ ಬೇರೆ ಯಾರನ್ನಾದರೂ ಕರೆದುಕೊಳ್ಳಿ ಮೇಡಂ.

ಸಮತಟ್ಟಾದ ಮೈದಾನ ಹುಡುಕಿ. ಎಂಜಿನ್ ಐದು ನಿಮಿಷ ಬಿಸಿ ಆಗಲಿ. ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ ಶಬ್ದ ದಪ್ಪ ಆಗುತ್ತದೆ, ಗಾಡಿ ಮುಂದಕ್ಕೆ ಜಗ್ಗುತ್ತದೆ. ಕೈ ಅಲ್ಲೇ ನಿಲ್ಲಿಸಿ. ಗಾಡಿ ತಾನಾಗಿ ನಡೆಯುತ್ತದೆ. ಮತ್ತೆ ಕ್ಲಚ್ ಹಿಡಿದು ನಿಲ್ಲಿಸಿ, ಮತ್ತೆ ಬಿಡಿ. ಕೈಗೆ ಆ ಜಾಗ ಗೊತ್ತಾಗುವ ತನಕ ಆಕ್ಸಿಲರೇಟರ್ ಬೇಡ. ಹಳೇ ಗಾಡಿ ಅಂದಿರಿ, ಕ್ಲಚ್ ಕೇಬಲ್ ಎಳೆದುಹೋಗಿರಬಹುದು. ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲ ಇರಬೇಕು. ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿಕೊಂಡು ಆಮೇಲೆ ಕಲಿಯಿರಿ.

ನಿಮಗೆ ನಿಜವಾದ ಅಪಾಯ ಇರೋದು ಬೇರೆ ಕಡೆ. ಸ್ಕೂಟರಿನಲ್ಲಿ ಎಡಗೈಯಲ್ಲಿ ಹಿಂದಿನ ಬ್ರೇಕ್ ಇದೆ. ಎಂಟು ವರ್ಷದ ಅಭ್ಯಾಸ! ನಾಯಿ ಅಡ್ಡ ಬಂದಾಗ ಎಡಗೈ ತಾನಾಗಿಯೇ ಒತ್ತುತ್ತದೆ. ಗೇರ್ ಗಾಡಿಯಲ್ಲಿ ಅಲ್ಲಿರೋದು ಕ್ಲಚ್. ಒತ್ತಿದರೆ ಗಾಡಿ ನಿಲ್ಲುವುದಿಲ್ಲ, ಎಂಜಿನ್ನಿನ ಹಿಡಿತವೂ ತಪ್ಪಿ ಜಾರಿಕೊಂಡು ಹೋಗುತ್ತದೆ. ಬಲಗಾಲಿನ ಬ್ರೇಕು, ಬಲಗೈಯ ಮುಂದಿನ ಬ್ರೇಕು ಎರಡನ್ನೂ ಒಟ್ಟಿಗೆ ಒತ್ತಿ ನಿಲ್ಲಿಸುವುದನ್ನು ಮೈದಾನದಲ್ಲೇ ಸಾಕಷ್ಟು ಮಾಡಿ, ಆಮೇಲೆ ರಸ್ತೆಗೆ ಇಳಿಯಿರಿ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಇದಕ್ಕೆ ನಡೆಯಲ್ಲ. ಗೇರ್ ಗಾಡಿಗೂ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಆದಮೇಲೆ ಟೆಸ್ಟ್ ಕೊಡಬಹುದು. ಅಲ್ಲಿಯ ತನಕ ಎಲ್ ಬೋರ್ಡ್ ಇರಲಿ. ಹಿಂದೆ ಕೂತರೆ ಲೈಸೆನ್ಸ್ ಇದ್ದು ಕಲಿಸುವವರು ಮಾತ್ರ ಕೂರಬೇಕು, ಮಕ್ಕಳನ್ನು ಸ್ಕೂಲಿಗೆ ಬಿಡೋದಿದ್ದರೆ ಅದು ಆಮೇಲೆ.

ಪ್ರಶ್ನೆ: 2013ರ ಗಾಡಿ, ಮೀಟರ್ 28 ಸಾವಿರ ತೋರಿಸ್ತಿದೆ. ‘ಒಬ್ಬರೇ ಓನರ್, ಹೊಸದರ ತರ ಇದೆ’ ಅಂತಿದ್ದಾರೆ. ನಂಬಬಹುದಾ?
(ದಾವಣಗೆರೆ)

ಉತ್ತರ: ಮೀಟರ್ ಬಿಡಿ, ರಬ್ಬರ್ ನೋಡಿ. ಗೇರ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ 28 ಸಾವಿರ ಅನ್ನೋದು ಸುಳ್ಳು. ಅದನ್ನೂ ಹೊಸದು ಹಾಕಿಸಿದ್ದರೆ ಯಾಕೆ ಹಾಕಿಸಿದಿರಿ ಅಂತ ಕೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ. ಬಿಸಿ ಇದ್ದರೆ, ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಿದ್ದಾಗ ಎಷ್ಟು ಒದೆಯಬೇಕು ಅನ್ನೋದು ನಿಮಗೆ ಗೊತ್ತಾಗಬಾರದು ಅಂತ ಇರಬಹುದು. ಇನ್ನೊಂದು ದಿನ ಹೇಳದೆ ಹೋಗಿ. ಆಕ್ಸಿಲರೇಟರ್ ಕೊಟ್ಟಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಎಂಜಿನ್ ಕೆಲಸ ಬರುತ್ತದೆ. ಮುಂದಿನ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ಮೇಲೆ ಎಣ್ಣೆ ಜಿಡ್ಡು ಇದ್ದರೆ ಸೀಲ್ ಹೋಗಿದೆ, ಅದೊಂದಕ್ಕೆ ಗಾಡಿ ಬಿಡಬೇಕಿಲ್ಲ, ಬೆಲೆ ಇಳಿಸಿ.

ಕಾಗದ ಇದಕ್ಕಿಂತ ಮುಖ್ಯ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲೆ ನೀವೇ ಓದಿ ನೋಡಿ. ಸಾಲದ ಎಚ್‌ಪಿ (ಗಾಡಿ ಸಾಲಕ್ಕೆ ಅಡ ಇದೆ ಅನ್ನೋ ಆರ್‌ಸಿ ನಮೂದು) ಕ್ಯಾನ್ಸಲ್ ಆಗಿದೆಯಾ, ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿ, ಎಚ್‌ಎಸ್‌ಆರ್‌ಪಿ ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ನೆ ಮನೆಯಲ್ಲಿಟ್ಟುಕೊಳ್ಳಬೇಡಿ, ಆರ್‌ಸಿಯಲ್ಲಿ ಹೆಸರು ಬದಲಾಯಿಸಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇನ್ನೊಂದು ಮಾತು, 2028ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ಆಗ ಮತ್ತೆ ಆರ್‌ಟಿಒಗೆ ತೋರಿಸಿ ನೋಂದಣಿ ಮುಂದುವರಿಸಬೇಕು. ಚೌಕಾಸಿ ಮಾಡುವಾಗ ಅದನ್ನೂ ಎತ್ತಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ಶನಿವಾರ ಊರಿಗೆ 100 ಸಿಸಿಯಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಬಹುದಾ?
(ಮದ್ದೂರು)

ಉತ್ತರ: ಆಗಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಯಾವ ಬೈಕಿಗೂ ಪ್ರವೇಶ ಇಲ್ಲ, ನಿಮ್ಮದು 100 ಆದರೂ ಅಷ್ಟೇ, 500 ಆದರೂ ಅಷ್ಟೇ. ಸರ್ವಿಸ್ ರಸ್ತೆಯಲ್ಲಿ ಹೋಗಿ. ಕತ್ತಲಾಗುವ ಮುಂಚೆ ಹೊರಡಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡ್ತೀನಿ. ಪೆಟ್ರೋಲ್ ಉಳಿಯುತ್ತೆ ಅಲ್ವಾ?
(ತೀರ್ಥಹಳ್ಳಿ)

ಉತ್ತರ: ದಯವಿಟ್ಟು ಇವತ್ತಿಂದಲೇ ಬಿಡಿ. ಅಷ್ಟೂ ತಿರುವುಗಳಲ್ಲಿ ಗಾಡಿಯ ಭಾರವನ್ನೆಲ್ಲ ಬ್ರೇಕ್ ಒಂದೇ ಹೊರುತ್ತದೆ. ನಿಮ್ಮದು ಡ್ರಮ್ ಬ್ರೇಕ್ ಆಗಿದ್ದರೆ ಒತ್ತೀ ಒತ್ತೀ ಒಳಗೆ ಬಿಸಿಯಾಗಿ, ಕೆಳಗಿನ ತಿರುವು ಬರುವಷ್ಟರಲ್ಲಿ ಎಷ್ಟು ಒತ್ತಿದರೂ ಹಿಡಿಯದ ಹಾಗೆ ಆಗಬಹುದು, ಅದೂ ಮಳೆಗಾಲದಲ್ಲಿ, ಎದುರಿಗೆ ಬಸ್ ಬರುವಾಗ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಕಡಿದಾದ ಕಡೆ ಎರಡನೆಯದು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ತಿರುವಿಗಷ್ಟೇ ಸಾಕು. 2020ರ ನಂತರದ ಇಂಜೆಕ್ಷನ್ ಗಾಡಿಯಾದರೆ (ಪೆಟ್ರೋಲನ್ನು ಎಲೆಕ್ಟ್ರಾನಿಕ್ಸ್ ಅಳೆದು ಬಿಡುವಂಥದ್ದು) ಗೇರಿನಲ್ಲಿ ಹಾಗೆ ಇಳಿಯುವಾಗ ಪೆಟ್ರೋಲ್ ಹೋಗುವುದನ್ನು ಸಾಮಾನ್ಯವಾಗಿ ತಾನೇ ನಿಲ್ಲಿಸಿಕೊಳ್ಳುತ್ತದೆ. ಹಳೇ ಕಾರ್ಬುರೇಟರ್ ಗಾಡಿಯಲ್ಲೂ ನೀವು ಉಳಿಸುತ್ತಿರುವುದು ಸೋಮೇಶ್ವರದಲ್ಲಿ ಒಂದು ಟೀ ಕುಡಿಯುವಷ್ಟೂ ಇರಲಿಕ್ಕಿಲ್ಲ.